ಒಳಗಿನದು

ಪ್ರೆಸ್ಸಿನಲ್ಲಿ ನನ್ನ ಕೆಲಸ ಅಕ್ಷರ ಜೋಡಿಸುವುದು ಮತ್ತು ಪ್ರೂಫ್ ತಿದ್ದುವುದು. ಬಿಲ್ ಬುಕ್ಕು, ಮದುವೆ ಕಾಗದ, ಔಷಧದ ಸೀಸೆಗೆ ಅಂಟಿಸುವ ಚೀಟಿ, ಯಾವುದಾದರೂ ನನ್ನ ಟೇಬಲ್ ದಾಟಿಯೇ ಮೆಷಿನ್ನಿಗೆ ಹೋಗಬೇಕು. ಯಜಮಾನರದು ಒಂದೇ ಕಾನೂನು: "ಪ್ರತಿಯಲ್ಲಿ ಇದ್ದ ಹಾಗೆ ಹೊಡಿ. ಅವರು ತಪ್ಪು ಬರೆದಿದ್ರೆ ಅದು ಅವರ ತಪ್ಪು. ನೀನು ಸರಿ ಮಾಡಿದ್ರೆ ಅದು ನಮ್ಮ ತಪ್ಪು." ಅನುಮಾನ ಬಂದರೆ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ವಾಪಸ್ ಕಳಿಸಬೇಕು, ಅಷ್ಟೆ. ಆರು ವರ್ಷ ಈ ಕಾನೂನು ನನಗೆ ಸರಿಯಾಗಿಯೇ ಕಂಡಿತ್ತು.

ಆ ಸೋಮವಾರ ಬಂದ ಪ್ರತಿಯಲ್ಲಿ ನಮ್ಮ ಮಾವನ ಫೋಟೋ ಇತ್ತು.

ಅದು ಹಾಡಿನ ಸಿ.ಡಿ.ಗೆ ಹಾಕುವ ಕವರು. ಮಾವ ಹಾರ್ಮೋನಿಯಂ ಮೇಲೆ ಕೈಯಿಟ್ಟು ಛಾವಣಿ ನೋಡುತ್ತಿದ್ದರು. ಕೆಳಗೆ ಹೀಗಿತ್ತು: "ಈ ಹತ್ತು ಹಾಡುಗಳ ರಾಗ ಸಂಯೋಜನೆ ಇವರದು. ರಾಗ ಎಲ್ಲಿಯದೆಂದು ಕೇಳಿದರೆ 'ಒಳಗಿನದು' ಎಂದಷ್ಟೇ ವಿನಯದಿಂದ ನುಡಿಯುತ್ತಾರೆ. ಅಂತರಂಗದ ಮೌನದಲ್ಲಿ ತಾನಾಗಿ ಚಿಮ್ಮಿದ ಚಿಲುಮೆಯಿದು." ಎಲ್ಲಕ್ಕಿಂತ ಕೆಳಗೆ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ: "ಚಹಾ ಉಪಚಾರ: ಮನೆಯವರು."

ನಾನು ಪೆನ್ಸಿಲ್ ಎತ್ತಿಕೊಂಡು 'ಇವರದು' ಎಂಬ ಪದದ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಕಾಗದ ಹರಿಯುವಷ್ಟು ಒತ್ತಿ ಹಾಕಿದೆ.

ಮಾವ ಕನ್ನಡಕದ ಅಂಗಡಿಯವರು. ವಾರವೆಲ್ಲ ಜನರ ಕಣ್ಣಿಗೆ ಗಾಜು ಅರೆದು ಕೂರಿಸುತ್ತಾರೆ, ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹಾರ್ಮೋನಿಯಂ ಮುಂದೆ ಕೂರುತ್ತಾರೆ. ಆಗ ಅದು 'ಕೂಟ'. ಹಾಡುವವನು ಬೇಕರಿಯವನು, ಹಿಟ್ಟು ನಾದಿ ನಾದಿ ಅವನ ಎದೆಯೂ ಅಗಲ, ದನಿಯೂ ಅಗಲ. ಪಿಟೀಲು ನುಡಿಸುವವಳು ಆಸ್ಪತ್ರೆಯ ನರ್ಸು. ಹಾಡು ಬರೆಯುವವರು ನಿವೃತ್ತ ಮೇಷ್ಟ್ರು. ಕವರಿನ ಮೇಲಿನ ಆ ಚಿಲುಮೆಯ ಸಾಲೂ ಅವರದೇ. ಡ್ರಮ್ ನನ್ನ ಗಂಡನದು. ನಮ್ಮ ಭಾಗದಲ್ಲಿ ಇಂಥ ಕೂಟಗಳು ಮೂರಿವೆ, ಡ್ರಮ್ ಬಾರಿಸುವವನು ಮಾತ್ರ ಒಬ್ಬನೇ. ಹಾಗಾಗಿ ನನ್ನ ಗಂಡನಿಗೆ ಮೂರೂ ಕಡೆ ಅಳಿಯನ ಮರ್ಯಾದೆ. ಒಂದು ಕೂಟ ಹಾಡಿದರೆ ಉಳಿದೆರಡು ಕೂಟದವರೇ ಕೇಳುಗರು. ತಂತಿ ಹರಿದರೆ ಇನ್ನೊಂದು ಕೂಟದಿಂದಲೇ ತರಬೇಕು, ಮುನಿಸಿಕೊಂಡರೆ ಹೋಗಲು ಬೇರೆ ಜಾಗವಿಲ್ಲ. ಒಬ್ಬರ ಬಗ್ಗೆ ಮಾತು ಹೊರಟರೆ ಸಂಜೆಯೊಳಗೆ ನಾಲ್ಕು ಮನೆ ಸುತ್ತಿ, ಕೈಕಾಲು ಬೆಳೆಸಿಕೊಂಡು, ಹೊರಟಲ್ಲಿಗೇ ಬರುತ್ತದೆ.

ನಾನು ಈ ಮನೆಗೆ ಸೊಸೆಯಾಗಿ ಬಂದು ಮೂರು ವರ್ಷ. ಮೂರು ವರ್ಷವೂ ಅಡುಗೆಮನೆಯಲ್ಲಿ ಅತ್ತೆಯ ಪಕ್ಕ ನಿಂತಿದ್ದೇನೆ. ರಾಗ ಎಲ್ಲಿ ಹುಟ್ಟುತ್ತದೆಂದು ನನಗೆ ಗೊತ್ತು. ಮೇಷ್ಟ್ರು ಭಾನುವಾರ ಹಾಡು ಬರೆದುಕೊಡುತ್ತಾರೆ. ಮಾವ ಅದನ್ನು ತಂದು ಉಪ್ಪಿನ ಡಬ್ಬಿಯ ಕೆಳಗೆ ಇಡುತ್ತಾರೆ, ಒಂದು ಮಾತೂ ಆಡುವುದಿಲ್ಲ. ಮಂಗಳವಾರದ ಹೊತ್ತಿಗೆ ಅತ್ತೆ ಗುನುಗಲು ಶುರುಮಾಡುತ್ತಾರೆ. ಈರುಳ್ಳಿ ಹೆಚ್ಚುವಾಗ ಪಲ್ಲವಿ, ಪಾತ್ರೆ ಉಜ್ಜುವಾಗ ಚರಣ. ಬುಧವಾರವೋ ಗುರುವಾರವೋ ಮಾವ ಟಿಪ್ಪಣಿ ಪುಸ್ತಕ ಹಿಡಿದು ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಬರೆದುಕೊಳ್ಳುತ್ತಾರೆ. "ಇನ್ನೊಂದ್ಸಲ" ಎನ್ನುತ್ತಾರೆ. ಅತ್ತೆ ಇನ್ನೊಂದು ಸಲ ಗುನುಗುತ್ತಾರೆ. ಅಷ್ಟರಲ್ಲಿ ಒಲೆಯ ಮೇಲಿನದು ಏನಾದರೂ ತಳ ಹಿಡಿದಿರುತ್ತದೆ.

ಆ ರಾತ್ರಿ ಊಟಕ್ಕೆ ಕೂತಾಗ ನಾನೇ ಮಾತು ತೆಗೆದೆ.

"ಮಾವ, ಕವರು ಪ್ರೆಸ್ಸಿಗೆ ಬಂದಿದೆ. ಒಂದು ಕಡೆ ಅನುಮಾನ ಇತ್ತು, ಗುರುತು ಹಾಕಿದ್ದೀನಿ."

"ಕಾಗುಣಿತ ತಪ್ಪಾ? ಮೇಷ್ಟ್ರು ಹಾಗೆಲ್ಲ ತಪ್ಪು ಮಾಡಲ್ಲವಲ್ಲ."

"ಕಾಗುಣಿತ ಸರಿ ಇದೆ. ವಿಷಯ ತಪ್ಪಿದೆ. ಟ್ಯೂನು ಅತ್ತೇದು."

ಮಾವ ತುತ್ತು ನಿಲ್ಲಿಸಲಿಲ್ಲ, ನಿಧಾನ ಮಾಡಿದರು. ನನ್ನ ಗಂಡ ಮೇಜಿನ ಕೆಳಗೆ ನನ್ನ ಕಾಲು ಒತ್ತಿದ. ನಾನು ಅವನ ಕಾಲು ತುಳಿದೆ.

"ಅವಳು ಗುನುಗ್ತಾಳೆ," ಮಾವ ಹೇಳಿದರು. "ಗುನುಗೋದು ಬೇರೆ, ಸಂಯೋಜನೆ ಬೇರೆ. ಹಾರ್ಮೋನಿಯಂ ಮೇಲೆ ಕೂರಿಸ್ಬೇಕು, ಸ್ವರ ಬರೀಬೇಕು."

"ಅಂದ್ರೆ ಕನ್ನಡಕ ಮಾಡಿಕೊಟ್ಟವರೇ ಕಣ್ಣನ್ನೂ ಕೊಟ್ಟ ಹಾಗೆ."

"ಊಟ ಮಾಡುವಾಗ ಇದೆಲ್ಲ ಯಾಕೆ," ಎಂದರು ಅತ್ತೆ. ನನ್ನ ಕಡೆ ನೋಡಲೂ ಇಲ್ಲ. "ಹುರುಳಿಕಾಯಿ ಇನ್ನೂ ಇದೆ, ಹಾಕ್ಕೊಳ್ಳಿ."

ಪಾತ್ರೆ ತೊಳೆಯುವಾಗ ಅವರು ನನ್ನ ಮೇಲೆ ಹರಿಹಾಯ್ದರು. "ನನ್ನ ಪರವಾಗಿ ಮಾತಾಡು ಅಂತ ನಾನು ಕೇಳಿದ್ನಾ?"

"ಕೇಳ್ಬೇಕಾಗಿತ್ತು."

"ಹೆಸರು ಹಾಕಿದ್ರೆ ಬೇಳೆ ಬೇಗ ಬೇಯತ್ತಾ? ನನಗೆ ಹಾಡು ಬಂದ್ರೆ ಸಾಕು. ಅದು ಬೇಕರಿಯವನ ಬಾಯಲ್ಲಿ ಕೇಳಿದ್ರೆ ಸಾಕು. ಬಾಗಿಲ ಹಿಂದೆ ನಿಂತು ಕೇಳ್ತೀನಲ್ಲ, ನನಗೇನು ಕಮ್ಮಿ?"

ನನಗೆ ಅತ್ತೆಯ ಮೇಲೂ ಸಿಟ್ಟು ಬಂತು. ಬಾಗಿಲ ಹಿಂದೆ ನಿಂತು ತನ್ನದನ್ನು ತಾನೇ ಕದ್ದು ಕೇಳುವ ಹೆಂಗಸಿಗೆ ಏನು ಹೇಳುವುದು?

ಅಚ್ಚಿಗೆ ಇನ್ನೂ ನಾಲ್ಕು ವಾರವಿತ್ತು. ಒಂಬತ್ತು ಹಾಡು ರೆಕಾರ್ಡಾಗಿತ್ತು. ಹತ್ತನೆಯದಕ್ಕೆ ಪಲ್ಲವಿಯಿತ್ತು, ಎರಡು ಚರಣವಿತ್ತು, ಕೊನೆಯ ಚರಣಕ್ಕೆ ರಾಗ ಬಂದಿರಲಿಲ್ಲ. ಮೇಷ್ಟ್ರ ಕಾಗದ ಉಪ್ಪಿನ ಡಬ್ಬಿಯ ಕೆಳಗಿತ್ತು.

ಭಾನುವಾರ ಮೇಷ್ಟ್ರು ಎಲ್ಲರಿಗಿಂತ ಮೊದಲು ಬಂದರು. ಚಪ್ಪಲಿ ಬಿಡುವ ಮೊದಲೇ ಹಿಡಿದೆ.

"ಮೇಷ್ಟ್ರೇ, 'ಒಳಗಿನದು' ಅಂದ್ರೆ ಏನು?"

ಅವರ ಮುಖ ಅರಳಿತು. ಪಾಠ ಹೇಳಲು ಸಿಕ್ಕಿದ ಖುಷಿ. "ಅದೊಂದು ಕತೆ ಕಣಮ್ಮಾ. ಕೂಟದ ಮೊದಲನೇ ವರ್ಷ. ನಿಮ್ಮ ಮಾವ ಒಂದು ರಾಗ ತಂದ್ರು. ನಾವೆಲ್ಲ ಬೆರಗಾಗಿ, ಯಾರದಯ್ಯಾ ಇದು ಅಂದ್ವಿ. ಒಂದೇ ಮಾತು, 'ಒಳಗಿನದು.' ನಾನು ಆವತ್ತೇ ಎದ್ದು ನಿಂತು ಐದು ನಿಮಿಷ ಮಾತಾಡಿದೆ, ಅಂತರಂಗದ ಬಗ್ಗೆ. ಎಲ್ಲರೂ ಚಪ್ಪಾಳೆ ಹೊಡೆದ್ರು."

"ಅವರು 'ಒಳಗೆ' ಅಂದಾಗ ಎಲ್ಲಿಗೆ ತೋರಿಸಿದ್ರು?"

"ಎಲ್ಲಿಗೆ ಅಂದ್ರೆ?"

"ಎದೆ ಕಡೆಗೋ, ಅಡುಗೆಮನೆ ಕಡೆಗೋ?"

ಮೇಷ್ಟ್ರು ನಕ್ಕರು. ಮಕ್ಕಳು ತಲೆಹರಟೆ ಮಾಡಿದಾಗ ನಗುವಂಥ ನಗು. "ನಿಮ್ಮ ಅತ್ತೆಯವರ ಋಣ ನಾವು ಮರೆತಿಲ್ಲಮ್ಮ. ಅವರ ಚಹಾ ಇಲ್ದೇ ಇದ್ದಿದ್ರೆ ಕೂಟ ಎಲ್ಲಿರ್ತಿತ್ತು? ಅದಕ್ಕೇ ಕೊನೇ ಸಾಲಲ್ಲಿ ಹಾಕಿದ್ದೀನಲ್ಲ, ನೋಡಿಲ್ವಾ?"

ನನಗೆ ಮೈಯೆಲ್ಲ ಉರಿಯಿತು. ಅಂದು ಸಂಜೆ ಕೂಟದವರು ಹೋದ ಮೇಲೆ, ಊಟದ ಮೇಜಿನ ಮುಂದೆ ನಿಂತು, ಪ್ರೆಸ್ಸಿನಿಂದ ತಂದಿದ್ದ ಕವರಿನ ಪ್ರೂಫನ್ನು ಇಡಿಯಾಗಿ ಜೋರಾಗಿ ಓದಿದೆ. ಚಿಲುಮೆ ಬಂದಾಗ ಮಾವ ನೀರಿನ ಲೋಟ ನೋಡುತ್ತಿದ್ದರು. ಕೊನೆಯ ಸಾಲು ಓದಿದೆ. "ಚಹಾ ಉಪಚಾರ: ಮನೆಯವರು."

"ಏನಂದೆ?" ಎಂದರು ಅಜ್ಜಿ.

ಅಜ್ಜಿ ಎಂದರೆ ಮಾವನ ತಾಯಿ. ಎಂಬತ್ತೆರಡು ವರ್ಷ, ಕಿವಿ ಇನ್ನೂ ಚುರುಕು. ಅವರು ಚಮಚ ಕೆಳಗಿಟ್ಟರು. "ಮನೆಯವರು ಅಂದ್ರೆ ಇವಳಾ? ಇವಳು ಯಾವತ್ತು ಚಹಾ ಮಾಡಿದ್ಲು? ಇಪ್ಪತ್ತೆರಡು ವರ್ಷ ಆ ಚಹಾ ಮಾಡಿದ್ದು ನಾನು. ಇವಳ ಕೈಗೆ ಹಾಲು ಕೊಟ್ರೆ ಉಕ್ಕಿಸ್ತಾಳೆ, ತಲೇಲಿ ರಾಗ ಓಡ್ತಿರತ್ತೆ. ನನ್ನ ಚಹಾ ಇವಳಿಗೆ ಕೊಟ್ರಿ, ಇವಳ ರಾಗ ನೀನು ತಗೊಂಡೆ. ಚೆನ್ನಾಗಿದೆ ಕಣಪ್ಪಾ ನಿಮ್ಮ ಹಂಚಿಕೆ."

"ಅಮ್ಮಾ, ನೀನೂ ಶುರು ಮಾಡ್ಬೇಡ."

"ನಾನು ಯಾವತ್ತೋ ಶುರು ಮಾಡ್ಬೇಕಿತ್ತು. ತಳ ಹಿಡಿದ ಪಾತ್ರೆ ಎಣಿಸು. ಈ ಮನೇಲಿ ಎಷ್ಟು ಪಾತ್ರೆ ಕಪ್ಪಾಗಿದ್ಯೋ ಅಷ್ಟು ಹಾಡು. ಉಜ್ಜಿದವಳು ನಾನು, ನನಗೆ ಲೆಕ್ಕ ಗೊತ್ತು."

ನನ್ನ ಗಂಡನಿಗೆ ನಗು ತಡೆಯಲಾಗಲಿಲ್ಲ. ಮಾವ ಎದ್ದು ಕೈ ತೊಳೆಯಲು ಹೋದರು. ಅತ್ತೆ ಮಾತ್ರ ಕೂತಲ್ಲೇ ಕೂತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಆ ಕೊನೇ ಸಾಲು ಇನ್ನೊಂದ್ಸಲ ಓದು," ಎಂದರು.

ಓದಿದೆ.

"ಹೂಂ," ಎಂದರು ಅತ್ತೆ, ಅಷ್ಟೇ. ಎದ್ದು ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ಒಳಗೆ ಹೋದರು. ಹೆಸರಿಲ್ಲದೆ ಇರುವುದನ್ನು ಅವರು ಹೇಗೋ ನುಂಗಿಕೊಂಡಿದ್ದರು. ಮಾಡದ ಚಹಾಕ್ಕೆ ಸಿಕ್ಕ ಧನ್ಯವಾದ ಗಂಟಲಲ್ಲಿ ಸಿಕ್ಕಿಕೊಂಡಿತು.

ಮರುದಿನದಿಂದ ನಮ್ಮ ಮನೆಯಲ್ಲಿ ಏನೂ ಸೀಯಲಿಲ್ಲ.

ಅನ್ನ ಅಗುಳು ಅಗುಳಾಗಿ ಬೆಂದಿತು. ಹಾಲು ಉಕ್ಕುವ ಮುಂಚೆ ಒಲೆ ಆರುತ್ತಿತ್ತು. ಆಲೂಗಡ್ಡೆ ಹೊಂಬಣ್ಣಕ್ಕೆ ಬಂದಾಗಲೇ ಕೆಳಗಿಳಿಯುತ್ತಿತ್ತು. ಅತ್ತೆ ಬಾಯಿ ಬಿಗಿದುಕೊಂಡು, ಕಣ್ಣನ್ನು ಪಾತ್ರೆಯ ಮೇಲಿಟ್ಟು ಅಡುಗೆ ಮಾಡಿದರು. ಅಡುಗೆಮನೆಯಲ್ಲಿ ಚಾಕುವಿನ ಸದ್ದು, ನಲ್ಲಿಯ ಸದ್ದು ಬಿಟ್ಟರೆ ಇನ್ನೇನಿಲ್ಲ. ಮೂರು ವರ್ಷ ಆ ಗುನುಗಿನೊಳಗೇ ಕೆಲಸ ಮಾಡಿದ ನನಗೆ ಕಿವಿ ಕಟ್ಟಿದಂತಾಯಿತು.

ಬುಧವಾರ ಮಾವ ಟಿಪ್ಪಣಿ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತರು. ಅತ್ತೆ ಸೌತೆಕಾಯಿ ಹೆಚ್ಚುತ್ತಿದ್ದರು. ಗುರುವಾರವೂ ನಿಂತರು. ಶುಕ್ರವಾರ ಬಾಯಿಬಿಟ್ಟರು.

"ಏನೂ ಬಂದಿಲ್ವಾ?"

"ಏನು ಬರ್ಬೇಕಿತ್ತು?"

"ಅದೇ. ಮೂರನೇ ಚರಣ."

"ನಾನು ಗುನುಗೋಳು. ಸಂಯೋಜನೆ ಮಾಡೋರು ನೀವಲ್ವಾ? ಪಕ್ಕಕ್ಕೆ ಸರೀರಿ, ಗಂಜಿ ಬಸೀಬೇಕು."

ನನ್ನ ಗಂಡ ಆ ವಾರ ಮೂರು ಮೂರು ಸಲ ಬಡಿಸಿಕೊಂಡು ಉಂಡ. "ಅಮ್ಮ ಸುಮ್ನಿದ್ರೆ ಅಡುಗೆ ಇಷ್ಟು ರುಚಿ ಇರತ್ತೆ ಅಂತ ಗೊತ್ತೇ ಇರ್ಲಿಲ್ಲ" ಎಂದ ಮಹಾರಾಯ. ನಾನು ಅವನ ಮುಂದಿನ ಪಾತ್ರೆ ಎಳೆದುಕೊಂಡೆ.

"ಬಿಡು, ಉಣ್ಲಿ," ಎಂದರು ಅಜ್ಜಿ. "ಹತ್ತನೇ ಹಾಡಿನ ಬದಲು ಈ ಪಲ್ಯಾನೇ ರೆಕಾರ್ಡ್ ಮಾಡಿಸ್ಲಿ."

"ನೀನು ಯಾರ ಕಡೆ, ಅದನ್ನ ಹೇಳು," ರಾತ್ರಿ ಕೋಣೆಯಲ್ಲಿ ಗಂಡನನ್ನು ಕೇಳಿದೆ.

"ನಾನು ಹುಟ್ಟಿದಾಗಿಂದ ಕೇಳ್ತಿದ್ದೀನಿ ಕಣೇ ಅದನ್ನ. ನನಗೂ ಗೊತ್ತು. ಆದ್ರೆ ಅಪ್ಪನ್ನ ಎಲ್ಲರೆದುರು ಹೇಗೆ ಇಳಿಸೋದು? ನಾಳೆ ಮೂರು ಕೂಟದಲ್ಲೂ ಅದೇ ಮಾತು."

"ಅಮ್ಮನ್ನ ಇಪ್ಪತ್ತೆರಡು ವರ್ಷ ಮೇಲೇ ಹತ್ತಿಸ್ಲಿಲ್ಲವಲ್ಲ. ಅದಕ್ಕೆ ಯಾರೂ ಮಾತಾಡಲ್ವಾ?"

ಅವನು ಡ್ರಮ್ಮಿನ ಕಡ್ಡಿಗಳನ್ನು ತಿರುಗಿಸುತ್ತ ಕೂತ. ಕೇಳಿ ಗೊತ್ತಿದ್ದೂ ಸುಮ್ಮನಿದ್ದವರ ಮೇಲೆ ನನಗೆ ಕೇಳಿಸಿಕೊಳ್ಳದವರಿಗಿಂತ ಹೆಚ್ಚು ಕೋಪ ಬರುತ್ತದೆ. ಹಾಗೆಂದು ಅವನಿಗೆ ಹೇಳಿಯೂ ಹೇಳಿದೆ.

ಮೂರನೆಯ ಭಾನುವಾರ ಮಾವ ತಾವೇ ಒಂದು ಚರಣ ಕಟ್ಟಿಕೊಂಡು ಬಂದು ನುಡಿಸಿದರು. ಬೇಕರಿಯವನು ಎರಡು ಸಲ ಹಾಡಿ ನೋಡಿ ತಲೆ ಕೆರೆದುಕೊಂಡ. "ಅಣ್ಣಾ, ಇದು ನಮ್ಮ ಆರನೇ ಹಾಡಿನ ಬಾಲ ಅಲ್ವಾ?"

"ಅಂತರಂಗ ಒಮ್ಮೊಮ್ಮೆ ಬತ್ತತ್ತೆ," ಎಂದು ಮೇಷ್ಟ್ರು ಸಮಾಧಾನ ಹೇಳಿದರು. "ಕಾಯ್ಬೇಕು."

ನರ್ಸು ನೀರು ಕುಡಿಯಲು ಅಡುಗೆಮನೆಗೆ ಬಂದಳು. ಅತ್ತೆ ಹಿತ್ತಿಲಲ್ಲಿ ಬಟ್ಟೆ ಎತ್ತುತ್ತಿದ್ದರು. "ಏನು, ಇವತ್ತು ಅಮ್ಮನ ದನಿಯೇ ಇಲ್ಲ," ಎಂದಳು. "ನಾನು ಕೂಟಕ್ಕೆ ಬಂದು ಹನ್ನೊಂದು ವರ್ಷ. ನೀರಿಗೆ ಅಂತ ಒಳಗೆ ಬಂದಾಗೆಲ್ಲ ಅಣ್ಣ ಇನ್ನೂ ನುಡಿಸದ ಹೊಸ ಹಾಡು ಇವರ ಬಾಯಲ್ಲಿ ಕೇಳಿರ್ತಿದ್ದೆ. ಎಷ್ಟು ಬೇಗ ಕಲೀತಾರಪ್ಪಾ ಅನ್ಕೋತಿದ್ದೆ."

"ಇನ್ನೂ ನುಡಿಸದೇ ಇರೋದನ್ನ ಯಾರಿಂದ ಕಲೀತಾರೆ?" ಎಂದೆ.

ಲೋಟ ಅವಳ ತುಟಿಯ ಹತ್ತಿರವೇ ನಿಂತಿತು. ಅವಳು ನೀರು ಕುಡಿಯದೆ ಲೋಟ ಕೆಳಗಿಟ್ಟು ಹೊರಗೆ ಹೋದಳು. ಆ ದಿನ ಅವಳ ಪಿಟೀಲು ಎರಡು ಕಡೆ ಜಾರಿತು.

ಆ ವಾರದ ಮಧ್ಯದಲ್ಲಿ ಒಂದು ದಿನ ಪ್ರೆಸ್ಸಿನ ಊಟದ ಬಿಡುವಿನಲ್ಲಿ ನಾನು ಪ್ರೂಫ್ ತೆಗೆದುಕೊಂಡು ಮಾವನ ಅಂಗಡಿಗೇ ಹೋದೆ. ಅವರು ಚಕ್ರದ ಮೇಲೆ ಗಾಜಿನ ಅಂಚು ಅರೆಯುತ್ತಿದ್ದರು. ಪ್ರೂಫನ್ನು ಚೌಕಟ್ಟುಗಳ ತಟ್ಟೆಯ ಪಕ್ಕ ಇಟ್ಟೆ.

"ಸೋಮವಾರದೊಳಗೆ ಸಹಿ ಬೇಕು ಮಾವ. ಕೂಟದ ಪರವಾಗಿ ಸಹಿ ಹಾಕೋರು ನೀವೇ."

ಅವರು ಅಂಚಿನ ಪ್ರಶ್ನಾರ್ಥಕ ಚಿಹ್ನೆಯನ್ನು ನೋಡಿದರು. ಚಕ್ರ ನಿಲ್ಲಿಸಿದರು.

"ಮೊದಲ್ನೇ ಸಲ ನಾನು ಸರಿಯಾಗೇ ಹೇಳಿದ್ದೆ ಕಣಮ್ಮ. 'ಒಳಗಿನದು' ಅಂತ ಗಲ್ಲ ಎತ್ತಿ ಅಡುಗೆಮನೆ ಕಡೆ ತೋರಿಸಿದೆ. ಮೇಷ್ಟ್ರು ಎದ್ದು ಅಂತರಂಗ ಅಂತ ಶುರು ಮಾಡಿದ್ರು. ಚಪ್ಪಾಳೆ ಬಿತ್ತು. ಆಮೇಲೆ ಹೇಗೆ ಹೇಳೋದು?"

"ಬಾಯಿಂದ."

"ನಿನಗೆ ಸುಲಭ. ಕೂಟದ ಆ ನಾಲ್ಕು ಜನ ಬಿಟ್ರೆ ನನಗೆ ಯಾರಿದ್ದಾರೆ? ಅಂಗಡಿಗೆ ಬರೋರು ಕಣ್ಣು ತೋರಿಸಿ ಹೋಗ್ತಾರೆ. ಭಾನುವಾರ ಒಂದಿನ ನಾನು ಏನೋ ಒಂದು ಆಗಿರ್ತೀನಿ."

ನನಗೆ ಒಂದು ಗಳಿಗೆ ಪಾಪ ಅನ್ನಿಸಿದ್ದು ಸುಳ್ಳಲ್ಲ. ಆದರೆ ಅವರ ಹಿಂದಿನ ಕಪಾಟಿನಲ್ಲಿ ಟಿಪ್ಪಣಿ ಪುಸ್ತಕಗಳು ಸಾಲಾಗಿದ್ದವು. ಒಂದನ್ನು ತೆಗೆದು ತೆರೆದೆ. ಪುಟದ ಮೇಲ್ತುದಿಯಲ್ಲಿ ಅವರದೇ ಕೈಬರಹ: 'ಒಳಗೆ, ಬುಧವಾರ'. ಮುಂದಿನ ಪುಟ: 'ಒಳಗೆ, ಗುರುವಾರ'. ಅಂತರಂಗಕ್ಕೆ ವಾರ ಇರುತ್ತದೆಯೇ? ಪುಸ್ತಕವನ್ನು ಅವರ ಮುಂದಿಟ್ಟು ಪ್ರೆಸ್ಸಿಗೆ ವಾಪಸಾದೆ. ಪ್ರೂಫನ್ನು ಅಲ್ಲೇ ಬಿಟ್ಟೆ.

ಕೊನೆಯ ಭಾನುವಾರ ಎಲ್ಲರೂ ಬಂದರು. ಬೇಕರಿಯವನು ಬನ್ನು ತಂದಿದ್ದ. ಅಜ್ಜಿ ಚಹಾ ತಂದಿಟ್ಟು, ಎಂದಿನಂತೆ ಹಿಂದಿರುಗದೆ ಖಾಲಿ ಕುರ್ಚಿಯೊಂದರಲ್ಲಿ ಕೂತುಬಿಟ್ಟರು. ಮೇಷ್ಟ್ರು ಸ್ವಲ್ಪ ಸರಿದು ಜಾಗ ಕೊಟ್ಟರು. ಅತ್ತೆ ಒಲೆಯ ಮೇಲೆ ಹಾಲಿಟ್ಟು ಬಾಗಿಲ ಹಿಂದೆ ನಿಂತರು. ನಾನು ಬಾಗಿಲ ಮುಂದೆ ನಿಂತೆ.

"ಚರಣ ಬಂತಾ?" ಬೇಕರಿಯವನು ಕೇಳಿದ. "ಬುಧವಾರ ರೆಕಾರ್ಡಿಂಗು."

"ಬಂದಿಲ್ಲ," ಎಂದರು ಮಾವ.

"ಅಣ್ಣಾ, ಒಂದು ಮಾತು ಕೇಳ್ತೀನಿ," ನರ್ಸು ಪಿಟೀಲನ್ನು ತೊಡೆಯ ಮೇಲೆ ಮಲಗಿಸಿ ಹೇಳಿದಳು. "ಒಳಗೆ ಅಂದ್ರೆ ಎಲ್ಲಿ?"

ಮಾವ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. ಮತ್ತೆ ಹಾಕಿಕೊಂಡರು. ಆಮೇಲೆ ಗಲ್ಲ ಎತ್ತಿ ಅಡುಗೆಮನೆಯ ಬಾಗಿಲು ತೋರಿಸಿದರು. ಈ ಸಲ ಮೇಷ್ಟ್ರು ಏಳಲಿಲ್ಲ, ಚಪ್ಪಾಳೆಯೂ ಬೀಳಲಿಲ್ಲ.

"ಎಲ್ಲಾನಾ?" ಬೇಕರಿಯವನು ಕೇಳಿದ.

"ಎಲ್ಲಾ."

ಬೇಕರಿಯವನು ಕೈಯಲ್ಲಿದ್ದ ಬನ್ನನ್ನು ನೋಡಿಕೊಂಡ. "ಹಾಗಾದ್ರೆ ಇಷ್ಟು ವರ್ಷ ನಾನು ಯಾರ ಹಾಡು ಹಾಡಿದೆ? ಒಂದ್ಸಲನಾದ್ರೂ ಅವರನ್ನ ಹೀಗೆ ಹಾಡ್ಲಾ, ಹಾಗೆ ಹಾಡ್ಲಾ ಅಂತ ಕೇಳ್ಬೇಡ್ವಾ ನಾನು?"

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಸರಿ, ಸರಿ. ದೊಡ್ಡತನದ ಮಾತು. ಹೀಗೆ ಮಾಡೋಣ. 'ಪತ್ನಿಯವರ ಸಹಕಾರದೊಂದಿಗೆ' ಅಂತ ಒಂದು ಸಾಲು ಸೇರಿಸಿದ್ರೆ ಇಬ್ಬರಿಗೂ..."

"ಮೇಷ್ಟ್ರೇ," ಎಂದರು ಅಜ್ಜಿ, "ಚಹಾ ಆರತ್ತೆ, ಕುಡೀರಿ. ಅದು ನಾನು ಮಾಡಿದ್ದು."

ಅಷ್ಟರಲ್ಲಿ ಅತ್ತೆ ಹೊರಗೆ ಬಂದರು. ನಾನು ಪಕ್ಕಕ್ಕೆ ಸರಿದೆ. ಕೂಟ ನಡೆಯುವಾಗ ಅವರು ಆ ಹೊಸ್ತಿಲು ದಾಟಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ನೆಟ್ಟಗೆ ಮಾವನ ಮುಂದೆ ಹೋಗಿ ನಿಂತರು.

"ಮೂರನೇ ಚರಣ ಬಂದಿದೆ."

"ಯಾವಾಗ?" ಮಾವ ತಲೆಯೆತ್ತಿದರು.

"ಚಹಾದ ಸಾಲು ಕೇಳಿದ ಮರುದಿನಾನೇ. ಮೂರು ವಾರದಿಂದ ಬಾಯಲ್ಲಿ ಇಟ್ಕೊಂಡಿದ್ದೀನಿ."

ಅಬ್ಬಾ, ಮೂರು ವಾರ. ಅಷ್ಟು ಹದವಾದ ಅನ್ನದ ಹಿಂದೆ ಎಷ್ಟು ಸಿಟ್ಟಿತ್ತೆಂದು ನನಗೆ ಆಗ ಗೊತ್ತಾಯಿತು.

"ಹಾಗಾದ್ರೆ ಹೇಳು," ಎಂದು ಮಾವ ಹಾರ್ಮೋನಿಯಂ ತಿದಿಗೆ ಕೈಹಾಕಿದರು.

"ಮೊದಲು ಪ್ರೂಫು," ಎಂದರು ಅತ್ತೆ.

ಮಾವ ಜೇಬಿನಿಂದ ನಾಲ್ಕು ಮಡಿಕೆಯ ಪ್ರೂಫ್ ತೆಗೆದರು. ಅಂಗಡಿಯಲ್ಲಿ ಬಿಟ್ಟು ಬಂದದ್ದನ್ನು ಅವರು ಅಷ್ಟು ದಿನ ಜೇಬಿನಲ್ಲೇ ಹೊತ್ತು ತಿರುಗಿದ್ದರು. ನಾನು ಪೆನ್ನು ಕೊಟ್ಟೆ. 'ಇವರದು' ಎಂಬುದನ್ನು ಹೊಡೆದುಹಾಕಿದರು. ಚಿಲುಮೆಯ ಮೇಲೆ ಉದ್ದಕ್ಕೆ ಗೆರೆ ಎಳೆದರು. ಮೇಷ್ಟ್ರು ತಮ್ಮ ಚಹಾದ ಲೋಟದೊಳಗೆ ನೋಡಿಕೊಂಡರು. ಚಹಾದ ಸಾಲಿಗೆ ಮಾವ ತಮ್ಮ ತಾಯಿಯ ಹೆಸರು ಹಾಕಿದರು. ಕೊನೆಗೆ 'ರಾಗ ಸಂಯೋಜನೆ' ಎಂಬುದರ ಮುಂದೆ ಅತ್ತೆಯ ಹೆಸರು ಬರೆದು, ಕೆಳಗೆ ಸಹಿ ಹಾಕಿ ನನ್ನ ಕೈಗೆ ಕೊಟ್ಟರು.

ಆರು ವರ್ಷ ಪ್ರೂಫ್ ತಿದ್ದಿದ ಕಣ್ಣು ನನ್ನದು. ನೋಡಿದ ಕೂಡಲೇ ಸಿಕ್ಕಿತು. ಹೆಸರಿನ ಎರಡನೆಯ ಅಕ್ಷರಕ್ಕೆ ದೀರ್ಘವಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದ ಮನುಷ್ಯ, ಹಾರ್ಮೋನಿಯಂ ಸ್ವರಗಳನ್ನು ಹ್ರಸ್ವ ದೀರ್ಘ ಬಿಡದೆ ಬರೆದುಕೊಂಡ ಮನುಷ್ಯ, ಹೆಂಡತಿಯ ಹೆಸರು ತಪ್ಪು ಬರೆದಿದ್ದರು. ಎಲ್ಲಿ ಬರೆದು ಅಭ್ಯಾಸ, ಪಾಪ. ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಲು ಪೆನ್ನು ಎತ್ತಿದೆ. ಅತ್ತೆ ಕೈಚಾಚಿ ಪೆನ್ನು ತೆಗೆದುಕೊಂಡರು. ತಾವೇ ದೀರ್ಘ ಎಳೆದರು. ಮಾವನ ಮುಖ ನೋಡದೆ ಪೆನ್ನನ್ನು ನನಗೆ ವಾಪಸ್ ಕೊಟ್ಟರು.

ಆಮೇಲೆ ಹಾಡಿದರು. ಇಷ್ಟು ವರ್ಷ ನಾನು ಕೇಳಿದ್ದು ತುಟಿ ಮುಚ್ಚಿದ ಗುನುಗನ್ನು. ಬಾಯಿ ತೆರೆದಾಗ ಆ ದನಿ ಸ್ವಲ್ಪ ಒರಟಾಗಿತ್ತು, ಒಂದು ಕಡೆ ಕೆಮ್ಮೂ ಬಂತು. ಕೆಮ್ಮಿ ಮತ್ತೆ ಅಲ್ಲಿಂದಲೇ ಎತ್ತಿಕೊಂಡರು. ಚರಣ ಕೆಳಗಿನಿಂದ ಮೇಲಕ್ಕೆ ಜಗಳಕ್ಕೆ ಹೊರಟಂತೆ ಏರಿ, ಪಲ್ಲವಿಯ ಬಾಗಿಲಿಗೆ ಬಂದು ನಿಂತಿತು. ನರ್ಸು ಪಿಟೀಲು ಎತ್ತಿಕೊಂಡಳು. ನನ್ನ ಗಂಡ ತಲೆ ತಗ್ಗಿಸಿಕೊಂಡೇ ಕಡ್ಡಿ ಹಿಡಿದ. ಅತ್ತೆ ಬೇಕರಿಯವನ ಕಡೆ ಕೈ ತೋರಿಸಿ, "ಇಲ್ಲಿ ಉಸಿರು ತಗೋಬೇಡ. ಇಷ್ಟು ದಿನ ಎಲ್ಲ ಹಾಡಲ್ಲೂ ಇದೇ ತಪ್ಪು ಮಾಡಿದ್ದೀಯ," ಎಂದು ಮತ್ತೆ ಮೊದಲಿನಿಂದ ಶುರುಮಾಡಿದರು.

ಒಳಗಿನಿಂದ ಹಾಲು ಸೀದ ವಾಸನೆ ಬಂತು.

ಮೇಷ್ಟ್ರು ಮೂಗೆತ್ತಿ ನನ್ನ ಕಡೆ ನೋಡಿದರು. "ಏನೋ ಸುಡ್ತಿದೆಯಲ್ಲಮ್ಮ."

ನಾನು ಅಭ್ಯಾಸದಂತೆ ಹೊರಟೇಬಿಟ್ಟಿದ್ದೆ. ಅಜ್ಜಿ ನನ್ನ ಕೈ ಹಿಡಿದು ಎಳೆದು ಕೂರಿಸಿದರು. "ಅದು ಹತ್ತನೇ ಹಾಡಿನದು," ಎಂದರು. ಆಮೇಲೆ ಮಗನ ಕಡೆ ತಿರುಗಿ, "ನೀನು ಹೋಗು," ಎಂದರು.

ಮಾವ ಹಾರ್ಮೋನಿಯಂ ಬಿಟ್ಟು ಎದ್ದು ಒಳಗೆ ಹೋದರು. ಹಾಡು ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಪಾತ್ರೆ ಉಜ್ಜುವ ಸದ್ದು ಕೇಳತೊಡಗಿತು. ತಾಳ ತಪ್ಪಿತ್ತು.